ಎರಡು ಕತ್ತಿಯ ಆಟ, ಒಂದು ಗುರಾಣಿಯ ಆಟ

ಪೇಂಟರ್ ಕೈ ಗಟ್ಟಿಯಿದ್ದಷ್ಟು ದಿನ ಎತ್ತರದ ಗೋಡೆ ಕಂಡರೆ ಬಿಡುತ್ತಿರಲಿಲ್ಲ. ಬೇರೆಯವರು ಹಗ್ಗ ಬಿಗಿಯಾಗಿದೆಯೇ ಎಂದು ಎಳೆದೆಳೆದು ನೋಡುವಷ್ಟರಲ್ಲಿ ಇವನು ಮೇಲೇರಿ, ಬಣ್ಣ ಬಳಿಯುತ್ತ, ಕೆಳಗಿನವರನ್ನು ಗೇಲಿ ಮಾಡುತ್ತಿದ್ದ. ವಿಡಿಯೊ ಗೇಮ್ ಆಡುವುದೂ ಹಾಗೆಯೇ. ಅವನ ಮೆಚ್ಚಿನ ಆಟದಲ್ಲಿ ವೀರನಿಗೆ ಎರಡು ಕೈಯಲ್ಲೂ ಕತ್ತಿ, ಮೈಮೇಲೆ ಕವಚವಿಲ್ಲ. ಏಟು ತಿಂದ ಕೂಡಲೇ ತಿರುಗಿ ಹೊಡೆದರೆ ಹೋದ ಪ್ರಾಣ ಅಷ್ಟಿಷ್ಟು ಮರಳಿ ಬರುತ್ತದೆ. ತಡೆದು ನಿಂತರೆ ಕಥೆ ಮುಗಿಯಿತು.

ಪುಸ್ತಕದಂಗಡಿಯ ಗೆಳೆಯನನ್ನು ಅವನು ಪಂಡಿತ ಎಂದೇ ಕರೆಯುತ್ತಿದ್ದ. ಪಂಡಿತನ ಆಟದ ವೀರ ಆಳೆತ್ತರದ ಗುರಾಣಿಯ ಹಿಂದೆ ನಿಲ್ಲುತ್ತಿದ್ದ. ಎದುರಾಳಿ ಬೀಸಿ ಬೀಸಿ ಸುಸ್ತಾದ ಮೇಲೆ ಒಂದೇ ಒಂದು ಏಟು ಕೊಟ್ಟು ಮತ್ತೆ ಗುರಾಣಿಯ ಮರೆಗೆ ಸೇರುತ್ತಿದ್ದ.

"ಇದೇನು ಯುದ್ಧಾನೋ, ನೆಂಟರು ಹೋದ್ರಾ ಅಂತ ಬಾಗಿಲ ಸಂದೀಲಿ ಇಣುಕಿ ನೋಡೋದೋ?"

"ನಿಂದೂ ಯುದ್ಧ ಅಲ್ಲಪ್ಪ, ಸೊಳ್ಳೆ ಹೊಡೆಯೋದು."

ಭಾನುವಾರಗಳು ಹೀಗೇ ಕಳೆಯುತ್ತಿದ್ದವು.

ಮೊದಲು ಕೈಯಿಂದ ಬ್ರಷ್ ಜಾರಿತು. ಆಮೇಲೆ ಅಂಗಿಯ ಗುಂಡಿಯನ್ನು ಹೆಂಡತಿ ಹಾಕಬೇಕಾಯಿತು. ಬಲ ಹೆಬ್ಬೆರಳ ಬುಡದ ಮಾಂಸ ಕರಗಿ ಅಲ್ಲೊಂದು ಗುಳಿ ಬಿತ್ತು. ನರಗಳು ಸಾಯುತ್ತಿವೆ, ತಡೆಯುವ ಔಷಧಿಯಿಲ್ಲ ಎಂದರು ಡಾಕ್ಟರು. ಕೆಲಸ ಹೋಯಿತು. ಪೇಂಟರ್‌ಗೆ ಒಂದೇ ಹಟ ಉಳಿಯಿತು: ಆ ಹೆಬ್ಬೆರಳು ಪೂರ್ತಿ ಕೈಕೊಡುವ ಮೊದಲು, ಎರಡು ಕತ್ತಿಯ ಆಟದ ಕೊನೆಯ ಕಬ್ಬಿಣದ ಮುಖದ ದೈತ್ಯನನ್ನು ತಾನೇ ಕೊಲ್ಲಬೇಕು.

ದೈತ್ಯ ಬಗ್ಗಲಿಲ್ಲ. ಕಣ್ಣು ಏಟನ್ನು ಮೊದಲೇ ಗುರುತಿಸುತ್ತಿತ್ತು, ಬೆರಳು ತಡವಾಗಿ ಒತ್ತುತ್ತಿತ್ತು.

ಪಂಡಿತ ತನ್ನ ಆಟ ತಂದ. "ಇದನ್ನ ಆಡೋ. ಗುರಾಣಿಗೆ ತೋರುಬೆರಳು ಸಾಕು."

ಪೇಂಟರ್ ಆಡಿದ. ಗುರಾಣಿಯ ಮೇಲೆ ಏಟುಗಳು ಬಿದ್ದವು, ಬೀಳುತ್ತಲೇ ಇದ್ದವು. ಎದುರಾಳಿ ದಣಿದಾಗ ಕೊಡಬೇಕಾದ ಆ ಒಂದೇ ಒಂದು ಏಟಿಗೆ ಹೆಬ್ಬೆರಳೇ ಬೇಕಿತ್ತು.

"ಸಾಯ್ತಾನೂ ಇಲ್ಲ, ಗೆಲ್ತಾನೂ ಇಲ್ಲ. ಇದನ್ನ ನೋಡ್ಕೊಂಡು ಕೂತಿರ್ಲಾ? ತಗೊಂಡ್ಹೋಗು ಮಾರಾಯ."

ಒಂದು ಬೆಳಿಗ್ಗೆ ಹೆಂಡತಿ ಬಟ್ಟೆ ಒಣಹಾಕಲು ಹೋಗಿದ್ದಾಗ, ಅವನು ಆಟದ ಮಟ್ಟವನ್ನು 'ಸುಲಭ'ಕ್ಕೆ ಇಳಿಸಿದ. ದೈತ್ಯ ನಾಲ್ಕೇಟಿಗೆ ಕುಸಿದ. ಸದ್ದಿಗೆ ಓಡಿ ಬಂದ ಹೆಂಡತಿ, ಹಿಂಡದ ಅಂಗಿಯನ್ನು ಕೈಯಲ್ಲಿ ಹಿಡಿದೇ ಕುಣಿದಳು. ಪಂಡಿತನಿಗೆ ಫೋನ್ ಮಾಡಿದಳು.

"ಅಣ್ಣ, ಗೆದ್ದರು! ಇವರು ಗೆದ್ದುಬಿಟ್ಟರು!"

ಪಂಡಿತ ಅಂಗಡಿ ಮುಚ್ಚಿ ಬಂದು ಅಪ್ಪಿಕೊಂಡ. ಪೇಂಟರ್ ಕೊರಡಿನಂತೆ ಕುಳಿತೇ ಇದ್ದ. ಹೆಂಡತಿ ಕಾಫಿ ಮಾಡಲು ಒಳಗೆ ಹೋದಳು.

"ಸುಲಭದಲ್ಲಿ ಆಡ್ದೆ ಕಣೋ. ಅವಳಿಗೆ ಹೇಳ್ಬೇಡ."

ಪಂಡಿತ ಅಡುಗೆಮನೆಯತ್ತ ನೋಡಿ ಕಂಟ್ರೋಲರ್ ಎತ್ತಿಕೊಂಡ.

"ಮೊದಲಿನ ಮಟ್ಟಕ್ಕೆ ಏರಿಸು. ಆ ನಾಲ್ಕೇಟಿಗೇ ಬೆರಳು ಸೋತುಹೋಯ್ತು, ಈಗ ನನ್ ಕೈಲಿ ಆ ಗುಂಡಿ ಒತ್ತೋಕೂ ಆಗ್ತಿಲ್ಲ."

ಏರಿಸಿದ. ಅಂದಿನಿಂದ ಬಲಗೈ ಕಂಟ್ರೋಲರ್‌ನ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಎಡ ಹೆಬ್ಬೆರಳಿನಿಂದ ವೀರನನ್ನು ನಡೆಸಬಹುದಿತ್ತು, ಅಷ್ಟೇ. ವೀರ ಎರಡೂ ಕತ್ತಿಗಳನ್ನು ಇಳಿಬಿಟ್ಟುಕೊಂಡು ನೆಟ್ಟಗೆ ದೈತ್ಯನೆದುರಿಗೆ ಹೋಗಿ ಸಾಯುತ್ತಿದ್ದ. 'ಮತ್ತೆ ಆಡು' ಎಂಬ ಗುಂಡಿಯನ್ನು ಪಂಡಿತ ಒತ್ತುತ್ತಿದ್ದ.

"ರೀ, ಸಾಕು ಬಿಡಿ. ಒಂದ್ಸಲ ಗೆದ್ದಿದ್ದೀರಲ್ಲ," ಎನ್ನುತ್ತಿದ್ದಳು ಹೆಂಡತಿ.

ಅವನು ಅವಳ ಮುಖ ನೋಡುತ್ತಿರಲಿಲ್ಲ. "ಒತ್ತೋ ಪಂಡಿತ."

ಕೆಲವು ವಾರಗಳಾದ ಮೇಲೆ ಎಡ ಹೆಬ್ಬೆರಳೂ ಮಾತು ಕೇಳಲಿಲ್ಲ. ದೈತ್ಯ ತನ್ನ ಗುಹೆಯ ಒಳಗೆ ಕತ್ತಿ ಮಸೆಯುತ್ತಿದ್ದ. ವೀರ ಹೊಸ್ತಿಲ ಬಳಿ ಉಸಿರಾಡುತ್ತ ನಿಂತಿದ್ದ.

"ಆಫ್ ಮಾಡು," ಎಂದ ಪೇಂಟರ್.

ಪಂಡಿತ ಆಫ್ ಮಾಡಿದ.