ಮಿರಿಯಮ್ ಆಂಟಿಯ ಬಾಣಲೆಗೆ ಬಿದ್ದ ತುಪ್ಪ

ಎಣ್ಣೆ ಮಾತ್ರ ಎಂದು ನಾನು ಹೇಳಿದ್ದು ಸುಳ್ಳು. ಮಿರಿಯಮ್ ಆಂಟಿಯ ಬಾಣಲೆಗೆ ತುಪ್ಪ ಹಾಕಿದ್ದೆ — ಅವರು ಕೇಳಿದಾಗ, ಮುಖ ನೋಡಿಕೊಂಡೇ, ಇಲ್ಲವೆಂದೆ.

ಆಗ ನಾವು ಮೆಲ್ಬರ್ನ್‌ನಲ್ಲಿ ಬಾಡಿಗೆಗಿದ್ದೆವು. ಆಂಟಿ ಪಕ್ಕದ ಮನೆಯ ಯಹೂದಿ ಹೆಂಗಸು. ಡಿಸೆಂಬರಿನ ಹನೂಕಾ ಹಬ್ಬಕ್ಕೆ ಲಾಟ್ಕೆ ಮಾಡುತ್ತಿದ್ದರು — ಆಲೂಗಡ್ಡೆ ತುರಿದು, ಈರುಳ್ಳಿ, ಮೊಟ್ಟೆ ಕಲಸಿ, ಎಣ್ಣೆಯಲ್ಲಿ ಕೆಂಪಗೆ ಕರಿದ ಬಿಲ್ಲೆಗಳು. (ಮಾಡುವುದಾದರೆ ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಇನ್ನು ನೀರಿಲ್ಲ ಅನ್ನಿಸಿದ ಮೇಲೆ ಮತ್ತೊಮ್ಮೆ ಹಿಂಡಿ.) ನಾನು ಮೊಟ್ಟೆ ತಿನ್ನುವುದಿಲ್ಲ ಎಂದು ಯಾವಾಗಲೋ ಬಾಯಿಬಿಟ್ಟಿದ್ದೆ, ಅಷ್ಟೇ. ಮುಂದಿನ ಹಬ್ಬಕ್ಕೆ ನನ್ನವು ಬೇರೆಯೇ ಬಂದವು — ಮೊಟ್ಟೆಯಿಲ್ಲದೆ, ಹೊಸ ಬಾಣಲೆಯಲ್ಲಿ.

"ಇದು ನಿನ್ನ ಬಾಣಲೆ ಅಶೋಕ್. ಬೇರೆ ಏನೂ ಇದಕ್ಕೆ ತಾಗಿಲ್ಲ."

ಅವರದ್ದೂ ಒಂದು ಕಟ್ಟಳೆ ಇತ್ತು. ಮಾಂಸದೂಟಕ್ಕೆ ಹಾಲು, ಬೆಣ್ಣೆ ಸೋಕಬಾರದು. ಪಾತ್ರೆಗಳೂ ಬೇರೆ ಬೇರೆ; ಒಂದರದ್ದು ಇನ್ನೊಂದಕ್ಕೆ ತಾಗಿದರೆ ಆ ಪಾತ್ರೆಯೇ ಕೆಟ್ಟಂತೆ. ಅದು ನನಗೆ ಗೊತ್ತಿತ್ತು. ಆದರೆ ತುಪ್ಪ... ನಮ್ಮಲ್ಲಿ ಎಲೆಯ ಮೇಲಿನ ಅನ್ನಕ್ಕೆ ಒಂದು ತೊಟ್ಟು ಬಿದ್ದರೆ ಊಟ ಶುದ್ಧ. ತುಪ್ಪವೂ ಹಾಲಿನದೇ ಎಂದು ನನಗೆ ಹೊಳೆಯಲೇ ಇಲ್ಲ.

ಆ ವರ್ಷ ಆಂಟಿಗೆ ಮಣಿಕಟ್ಟು ನೋವು. ಕರಿಯುವ ಕೆಲಸ ನನಗೆ ಒಪ್ಪಿಸಿ, ಬಂದ ನೆಂಟರ ಜೊತೆ ಕೂತರು. ಬರೀ ಎಣ್ಣೆಯಲ್ಲಿ ಏನು ಘಮ ಬಂದೀತು ಎಂದು ಮನೆಗೆ ಓಡಿ ತುಪ್ಪದ ಬಾಟಲಿ ತಂದೆ. ಯಾರೂ ಕೇಳದ ಸಲಹೆ ಕೊಡುವುದು ನನ್ನ ಚಾಳಿ. ಅವತ್ತು ಅದನ್ನು ಅವರ ಬಾಣಲೆಗೇ ಸುರಿದೆ.

ಲಾಟ್ಕೆಯ ತಟ್ಟೆ ಮೇಜಿಗೆ ಹೋಯಿತು — ಪಕ್ಕದಲ್ಲೇ ಮಾಂಸದ ಪಾತ್ರೆ. ಆಗ ಹೊಳೆಯಿತು. ನನ್ನ ಹೆಂಡತಿ ಸುಜಾತಾಗೂ.

"ರೀ, ಅದರಾಗ ತುಪ್ಪ ಹಾಕೀರಲ್ಲ? ಹೇಳ್ರಿ ಅವರಿಗೆ."

"ಸುಮ್ನಿರ ಈಗ. ಮಂದಿ ಊಟಕ್ಕ ಕುಂತಾರ."

ಆಂಟಿ ಮೂಗರಳಿಸಿ ನಕ್ಕರು. "ಏನು ಮಾಡಿದೆಯೋ? ಎಣ್ಣೆ ಮಾತ್ರ ತಾನೆ?"

"ಎಣ್ಣೆ ಮಾತ್ರ ಆಂಟಿ. ಉಳಿದದ್ದು ನನ್ನ ಕೈಗುಣ."

ಎಲ್ಲರೂ ನಕ್ಕರು. ತಿಂದರು. ಆಂಟಿ ಕೇಳಿದಾಗ ಇನ್ನೂ ಯಾರ ಬಾಯಿಗೂ ಹೋಗಿರಲಿಲ್ಲ — ತಡೆಯಬಹುದಿತ್ತು. ಹಳೇ ಕಾರು ಮಾರಿ ಮೇಲೆ ಬಂದವನು ನಾನು. ಸಣ್ಣ ಗೀರನ್ನೂ ಗಿರಾಕಿಗೆ ನಾನೇ ತೋರಿಸಿ ಆಮೇಲೆ ಚೌಕಾಸಿಗೆ ಕೂರುತ್ತೇನೆ. ಅಲ್ಲಿ ಮಾತ್ರ...

ನಾವು ಸಿಡ್ನಿಗೆ ಹೊರಟಾಗ ಆಂಟಿ ನನಗೆಂದೇ ಇಟ್ಟಿದ್ದ ಬಾಣಲೆಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ಇಲ್ಲಿ ಕೆಲ್ಲಿವಿಲ್ ಬಡಾವಣೆಯ ಈ ಮನೆಯಲ್ಲಿ ಪ್ರತಿ ಡಿಸೆಂಬರ್ ಅದರಲ್ಲೇ ಲಾಟ್ಕೆ ಮಾಡುತ್ತೇನೆ. "ಅಪ್ಪಾ, ಜಸ್ಟ್ ಯೂಸ್ ತುಪ್ಪ, ಇಟ್ಸ್ ಬೆಟರ್," ಅನ್ನುತ್ತಾಳೆ ಮಗಳು. ಬೆಟರ್ ಹೌದು. ಕೈ ಹೋಗುವುದಿಲ್ಲ. ಹೇಳದೆ ಉಳಿದ ಮಾತನ್ನು ಹೊತ್ತು ಸಾಕಾಗಿದೆ — ದೇಹಕ್ಕಲ್ಲ, ನಾಲಿಗೆಗೆ ಆಯಾಸ.

ಮೊನ್ನೆ ಆಂಟಿಯ ಫೋನ್ ಬಂತು. "ಹಬ್ಬಕ್ಕೆ ಬಾ. ನನ್ನ ಕೈ ನಡುಗುತ್ತೆ. ನನ್ನ ಮಗಳು ಅವಸರದವಳು, ಪಾತ್ರೆ ಬೆರೆಸಿಬಿಡ್ತಾಳೆ. ನಿನಗೆ ನಮ್ಮ ಕಟ್ಟಳೆ ಗೊತ್ತು."

ಟಿಕೆಟ್ ಬುಕ್ ಮಾಡಿದ್ದೇನೆ. ಒಲೆ ಹಚ್ಚುವ ಮೊದಲೇ ಹೇಳಬೇಕು — ಆ ತಟ್ಟೆಯ ವಿಷಯ, ಅಂದಿನಿಂದ ಏನೂ ತಿಳಿಯದೆ ಅವರು ಬಳಸುತ್ತಿರುವ ಆ ಬಾಣಲೆಯ ವಿಷಯ. ಆಮೇಲೆ ಸೌಟು ನನ್ನ ಕೈಗೆ ಕೊಡುತ್ತಾರೋ, ಬಾಗಿಲು ತೋರಿಸುತ್ತಾರೋ — ಚೌಕಾಸಿ ಮಾಡುವುದಿಲ್ಲ.