ತಣ್ಣಗಿನ ಎಂಜಿನ್ನಿಗೆ ಕಿವಿಗೊಡುವ ಮಾಲತೇಶ

ನರಗುಂದದ ಹೆದ್ದಾರಿ ಬದಿ, ತಗಡಿನ ಶೆಡ್ಡಿನ ಮುಂದೆ ಬೆಳಗಿನ ಆರು ಗಂಟೆಗೆ ಮೂವರು ನಿಂತಿದ್ದಾರೆ. ಎರಡೇ ಬಾಗಿಲಿನ ಹಳದಿ ಸ್ಪೋರ್ಟ್ಸ್ ಕಾರಿನ ಬಾನೆಟ್ಟಿನ ಮೇಲೆ ಮಾಲತೇಶ ಅಂಗೈ ಇಟ್ಟಿದ್ದಾರೆ, ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ. ಲೋಹ ತಣ್ಣಗಿದೆ. ಅವರು ತಲೆಯಾಡಿಸಿದ ಮೇಲೆಯೇ ಹಳೇ ಕಾರು ಮಾರುವ ಉಮರ ಚಾವಿ ಮುಂದೆ ಚಾಚುತ್ತಾರೆ.

"ಬಿಸಿ ಎಂಜಿನ್ ಸುಳ್ಳ ಹೇಳತೈತ್ರಿ. ರಾತ್ರಿಯೆಲ್ಲಾ ನಿಂತದ್ದು ಮುಂಜಾನಿ ಮೊದಲನೇ ಸಲ ಕೆಮ್ಮತೈತಲ್ಲ, ಅದು ಖರೇ," ಎನ್ನುತ್ತಾರೆ ಮಾಲತೇಶ. ಅದಕ್ಕೇ ಅವರು ಕತ್ತಲಿರುವಾಗಲೇ ಬೈಕು ಹತ್ತಿ ರೋಣ ಬಿಡುತ್ತಾರೆ. ತಾವು ಬರುವ ತನಕ ಯಾರೂ ಗಾಡಿ ಚಾಲೂ ಮಾಡಬಾರದೆಂದು ಹಿಂದಿನ ದಿನವೇ ತಾಕೀತು ಮಾಡಿರುತ್ತಾರೆ.

ಮೂರನೆಯವರು ಮಯೂರಿ, ಗಜೇಂದ್ರಗಡದಲ್ಲಿ ಹಲ್ಲಿನ ದವಾಖಾನೆ ನಡೆಸುವ ಡಾಕ್ಟರು. ಇಂಥದೊಂದು ಕಾರು ತನ್ನದಾಗಬೇಕೆಂಬುದು ಅವರ ಕಾಲೇಜು ದಿನಗಳ ಆಸೆ. ಇದು ಹನ್ನೊಂದು ವರ್ಷ ಹಳೆಯದಾದ್ದರಿಂದ ಕೈಗೆಟುಕುವ ಬೆಲೆಗೆ ಬಂದಿದೆ. ಕೊಳ್ಳಬೇಕೇ ಬೇಡವೇ ಎಂದು ತಿಂಗಳಿಂದ ತೂಗಿ ತೂಗಿ ಸಾಕಾಗಿ ಮಾಲತೇಶರನ್ನು ಕರೆಸಿದ್ದಾರೆ.

ಮಾಲತೇಶರಿಗೆ ಐವತ್ತೆರಡು. ರೋಣದ ಗ್ಯಾರೇಜಿನಲ್ಲಿ ದಿನಕ್ಕೆ ಐದಾರು ಗಾಡಿ ರಿಪೇರಿ ಮಾಡುತ್ತಾರೆ. ಹೆಚ್ಚಿನವು ಟ್ರ್ಯಾಕ್ಟರು, ಮೂರು ಗಾಲಿಯ ಟಂಟಂ, ಹಾಲಿನ ವ್ಯಾನು. ಹೊಟ್ಟೆ ತುಂಬುವುದು ಅದರಿಂದ. ಹೆಸರು ಬಂದಿರುವುದು ಮಾತ್ರ ವಾರಕ್ಕೆರಡು ಸಲ ಮಾಡುವ ಈ ಕೆಲಸದಿಂದ. ಸುತ್ತಲಿನ ಮೂರು ತಾಲ್ಲೂಕಿನಲ್ಲಿ ಯಾರೇ ಹಳೇ ಗಾಡಿ ಕೊಳ್ಳಲಿ, ಮೊದಲು ಇವರನ್ನು ಕರೆಯುತ್ತಾರೆ. ಇದಕ್ಕೆ ಕೂಲಿ ಇಲ್ಲ. ಕೊಳ್ಳುವವರು ಒಂದು ಕಪ್ ಚಹಾ ಕುಡಿಸಬೇಕು. ಮಾರುವವರಿಂದ ನೀರನ್ನೂ ಕುಡಿಯುವುದಿಲ್ಲ.

ಈ ರೂಢಿ ಅಪ್ಪನದು. ಮೆಣಸಗಿಯ ಹನುಮಪ್ಪ ದನದ ಸಂತೆಯಲ್ಲಿ ಬೇರೆಯವರ ಪರವಾಗಿ ಎತ್ತಿನ ಹಲ್ಲು, ಸುಳಿ, ನಡಿಗೆ ನೋಡಿ ಹೇಳುತ್ತಿದ್ದವರು. "ತಗೋ ಅನಬಾರ್ದು, ಬಿಡು ಅನಬಾರ್ದು, ಕಂಡದ್ದಷ್ಟ ಹೇಳಬೇಕು ಅಂತಿದ್ದ ನಮ್ಮಪ್ಪ. ಎತ್ತು ಸಾಕಾವ್ರು ಅವರು, ನಾವಲ್ಲ."

ಮಾಲತೇಶ ಆ ಮಾತು ಮೀರಿದ್ದು ಒಂದೇ ಸಲ. ಮಲಪ್ರಭೆ ಹೊಳೆ ಊರೊಳಗೆ ನುಗ್ಗಿದ ವರ್ಷದ ಮರುಬೇಸಿಗೆ, ಹೊಳೆಆಲೂರಿನ ಅಕ್ಕ ಕಲ್ಲವ್ವ ತರಕಾರಿ ಸಾಗಿಸಲು ಹಳೇ ವ್ಯಾನು ನೋಡಿದ್ದರು. ಎಂಜಿನ್ ದನಿ ಗಡಿಯಾರದಂತಿತ್ತು. "ಅಕ್ಕಾ, ಕಣ್ಣ ಮುಚ್ಚಿ ತಗೋ" ಅಂದುಬಿಟ್ಟರು. ಎರಡು ತಿಂಗಳಿಗೆ ಒಂದೊಂದೇ ವೈರು ಸಾಯತೊಡಗಿತು. ಸೀಟಿನ ಕೆಳಗಿನ ಚಾಪೆ ಕಿತ್ತರೆ ಹೊಳೆಯ ರೇವೆಮಣ್ಣು. ವ್ಯಾನು ನೀರಲ್ಲಿ ಮುಳುಗೆದ್ದದ್ದು. ಕಲ್ಲವ್ವ ಬಯ್ಯಲಿಲ್ಲ, ಆರು ವರ್ಷವಾದರೂ ಆ ಮಾತನ್ನೇ ಎತ್ತಿಲ್ಲ. ಮನೆಗೆ ಹೋದರೆ ರೊಟ್ಟಿ ಬಡಿದು ಹಾಕುತ್ತಾರೆ, ಮಕ್ಕಳ ಸುದ್ದಿ ಕೇಳುತ್ತಾರೆ. ಆಮೇಲೆ ಒಂದು ಟಂಟಂ ಕೊಂಡರು. ತಮ್ಮನನ್ನು ಕರೆಯಲಿಲ್ಲ.

ಅಂದಿನಿಂದ ಮಾಲತೇಶ ಯಾವ ಗಾಡಿ ನೋಡಿದರೂ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯುತ್ತಾರೆ. ಹೊರಗಿನದನ್ನು ಎಲ್ಲರೂ ತೊಳೆಯುತ್ತಾರೆ; ಒಳಗೆ ಸುರುಳಿಯಾಗಿರುವ ಕೊನೆಯ ಮೊಳವನ್ನು ತೊಳೆಯುವವರಿಲ್ಲ. ಮುಳುಗಿದ ಗಾಡಿಯಾದರೆ ಹೊಳೆ ಅಲ್ಲಿ ಕೆಸರಿನ ಗೆರೆ ಬಿಟ್ಟಿರುತ್ತದೆ.

ಹಳದಿ ಕಾರಿನ ಬೆಲ್ಟು ಕೊನೆಯ ತನಕ ಚೊಕ್ಕವಿದೆ. ಎಂಜಿನ್ ಒಂದೇ ತಿರುವಿಗೆ ಎದ್ದು ಕೂರುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಒತ್ತಿ ಮಾಲತೇಶ ಕಣ್ಣು ಮುಚ್ಚುತ್ತಾರೆ.

"ಎತ್ತಿನ ಹೊಟ್ಟಿ ಸಪ್ಪಳ ಕೇಳಿದಂಗ ಕೇಳ್ತೀರಲ್ರಿ ಮಿಸ್ತ್ರಿ! ಕರು ಐತೇನು ಒಳಗ?" ಉಮರ ಕೆಣಕುತ್ತಾರೆ.

"ಎತ್ತಿಗೆಲ್ಲಿ ಕರು ಬರತೈತೋ ಮಾರಾಯಾ, ಸುಮ್ನಿರು," ಎನ್ನುತ್ತಾರೆ ಮಾಲತೇಶ, ಕಣ್ಣು ತೆರೆಯದೆ.

ಐದು ನಿಮಿಷ ಕಳೆಯುತ್ತದೆ. "ಗಾಡಿ ಖರೇ ಐತ್ರಿ ಡಾಕ್ಟರ್ರ. ಖೋಟಾ ಇಲ್ಲ." ಉಮರರ ಮುಖ ಅರಳುತ್ತದೆ. ಮಾಲತೇಶ ಹಳೇ ಟಾಯರಿನ ಮೇಲೆ ಕೂತು ಮಾತು ಮುಂದುವರಿಸುತ್ತಾರೆ. ಊರೊಳಗೆ ಲೀಟರಿಗೆ ಏಳು ಕಿಲೋಮೀಟರ್ ಓಡೀತು. ನಾಲ್ಕು ಟಾಯರಿನ ದುಡ್ಡಿಗೆ ಒಂದು ಹೊಸ ಬೈಕು ಬರುತ್ತದೆ, ಅವೂ ಎರಡು ವರ್ಷಕ್ಕೆ ಸವೆಯುತ್ತವೆ. ನೆಲಕ್ಕೂ ಹೊಟ್ಟೆಗೂ ನಡುವೆ ಒಂದು ಗೇಣಿಲ್ಲ. ನಮ್ಮ ರಸ್ತೆಯ ಹಂಪುಗಳನ್ನು ದಿನಾ ತಿಕ್ಕುತ್ತ ದಾಟಬೇಕು.

"ಅಷ್ಟೂ ನಾ ತೂಗೇನಿ, ಮಾಲತೇಶಣ್ಣ," ಎನ್ನುತ್ತಾರೆ ಮಯೂರಿ. "ನಮ್ಮ ವೆಂಕೂಬಾಯಿ ಅಜ್ಜಿನೂ ಅಂದಾಳ, ಇಬ್ಬರು ಕೂಡೋ ಗಾಡಿಗೆ ನಾಕು ಗಾಲಿ ಯಾಕ ಅಂತ. ಕೆಟ್ಟರ ನೀವಿದ್ದೀರಲ್ಲ, ಅದ ನನಗ ಧೈರ್ಯ."

ಮಾಲತೇಶ ಕೈಯ ಎಣ್ಣೆಯನ್ನು ಅರಿವೆಯಿಂದ ಒರೆಸುತ್ತಾರೆ. ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತಾರೆ. ಕೊನೆಗೆ, "ಇದು ನನಗ ಬರೂದಿಲ್ರಿ," ಎನ್ನುತ್ತಾರೆ. "ದನಿ ಕೇಳಾಕ ಬರತೈತಿ. ಬಿಚ್ಚಿ ಕೂಡಸಾಕ ಬರೂದಿಲ್ಲ. ಇದಕ್ಕ ಬೇರೆ ಕಂಪ್ಯೂಟರ್ ಬೇಕು, ಬೇರೆ ಪಾನಾ ಬೇಕು. ಕೆಟ್ಟರ ಲಾರಿ ಮ್ಯಾಲೆ ಹೇರಿ ದೂರ ಕಳಸಬೇಕು. ನನ್ನ ನಂಬಿ ತಗೋಬ್ಯಾಡ್ರಿ."

ಗಾಡಿ ನೋಡಿ ಹೇಳುವ ಇಪ್ಪತ್ತಾರು ವರ್ಷದಲ್ಲಿ, ಅದೂ ಮಾರುವವರ ಎದುರು, ಮಿಸ್ತ್ರಿಯ ಬಾಯಿಂದ ಈ ಮಾತು ಬಂದಿರಲಿಲ್ಲ. ಉಮರ ರಸ್ತೆಯ ಕಡೆ ನೋಡುತ್ತಾರೆ.

ಮಯೂರಿ ಒಂದು ಸುತ್ತು ಓಡಿಸಿ ನೋಡುತ್ತೇನೆ ಎನ್ನುತ್ತಾರೆ. ಮಾಲತೇಶ ಪಕ್ಕದಲ್ಲಿ ಕೂರುತ್ತಾರೆ. ಕೊಣ್ಣೂರಿನ ಸೇತುವೆಯ ತನಕ ಹೋಗಿ ಬರುವಷ್ಟರಲ್ಲಿ ಕಾರು ಮೂರು ಕಡೆ ಹೊಟ್ಟೆ ಕೆರೆದುಕೊಳ್ಳುತ್ತದೆ. ಮಯೂರಿ ಸ್ಟಿಯರಿಂಗನ್ನು ಒಮ್ಮೆ ಸವರಿ ಕೆಳಗಿಳಿದು ಉಮರರಿಗೆ ಚಾವಿ ಮರಳಿಸುತ್ತಾರೆ. "ಭಾಳ ಚಲೋ ಅದ. ಆದ್ರ ಇದನ್ನ ನಾ ಸಾಕಲಾರೆ."

"ಇರ್ಲಿ ಬಿಡ್ರಿ. ಮಿಸ್ತ್ರಿ ಖರೇ ಐತಿ ಅಂದಾರ, ಅಷ್ಟ ಸಾಕು ನನಗ. ಮುಂದಿನ ಗಿರಾಕಿಗೆ ಅದನ್ನ ಹೇಳ್ತೀನಿ," ಎನ್ನುತ್ತಾರೆ ಉಮರ.

ಹೆದ್ದಾರಿಯಾಚೆಯ ಅಂಗಡಿಯಲ್ಲಿ ಚಹಾ ಬರುತ್ತದೆ. ಮಯೂರಿ ಈಗ ನಗುತ್ತಿದ್ದಾರೆ. "ಒಮ್ಮೆ ಗಜೇಂದ್ರಗಡಕ್ಕ ಬರ್ರಿ, ನಿಮ್ಮ ಹಲ್ಲು ನಾ ನೋಡ್ತೀನಿ."

"ಬ್ಯಾಡ್ರಿ ಅಕ್ಕಾರ. ನಾ ಇನ್ನೂ ಮಾರಾಕ ನಿಂತಿಲ್ಲ."

ಬಿಸಿಲೇರುವ ಮುಂಚೆ ಗ್ಯಾರೇಜು ತೆರೆಯಬೇಕು. ಬಾಗಿಲಲ್ಲಿ ಎರಡು ಟ್ರ್ಯಾಕ್ಟರು ಕಾದಿವೆ. ಬೈಕಿಗೆ ಕಿಕ್ ಹೊಡೆಯುವ ಮುನ್ನ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮಾಲತೇಶ ಹೊಳೆಆಲೂರಿನ ದಿಕ್ಕಿಗೆ ಮುಖ ತಿರುಗಿಸುತ್ತಾರೆ.

"ನಮ್ಮಕ್ಕನ ಟಂಟಂ ಹಳೇದಾಗೇತ್ರಿ. ಇವತ್ತಿಲ್ಲ ನಾಳೆ ಬ್ಯಾರೇದು ತಗೋತಾಳ. ನೋಡಾಕ ನನ್ನ ಕರೀಬೇಕು, ಅಷ್ಟ. ಈ ಸಲ ತಗೋ ಅನ್ನೂದಿಲ್ಲ."