ಹುಟ್ಟದ ಕೂಸಿಗೆ ಹಾಲು ಕುಡಿಸಿದ್ದು

ನಾನು ನಮ್ಮ ಭಾವನ ಮಾತನ್ನು ಅಣಕಿಸಿದೆ. ಅದೂ ಎಂಥ ಹೊತ್ತಿನಲ್ಲಿ ಅಂದರೆ, ತುಂಬು ಬಸುರಿ ಅಕ್ಕ ಹಸಿರು ಬಳೆ ತೊಡಿಸಿಕೊಳ್ಳುತ್ತ ಕೂತಿದ್ದಾಗ. ಇದಕ್ಕಿಂತ ದೊಡ್ಡ ಪೆದ್ದುತನವನ್ನು ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲೂ ಮಾಡಿರಲಿಲ್ಲ. ಅಲ್ಲಿ ನನಗೆ ಎರಡೆರಡು ಅವಕಾಶ ಸಿಕ್ಕಿದ್ದವು ಅನ್ನುವುದು ಬೇರೆ ಮಾತು.

ಭಾವ ಪಂಚನಹಳ್ಳಿಯವರು. ಹುಟ್ಟುವಾಗಲೇ ಅವರ ಮೇಲ್ದುಟಿ ಸೀಳಿತ್ತು, ಬಾಯೊಳಗೆ ಅಂಗುಳವೂ ಸೀಳಿತ್ತು. ದೊಡ್ಡವರಾದ ಮೇಲೆ ತುಟಿ ಹೊಲಿಸಿಕೊಂಡು ಮೇಲೊಂದು ಮೀಸೆ ಬಿಟ್ಟಿದ್ದರು. ಅಂಗುಳ ಮಾತ್ರ ಹಾಗೇ ಉಳಿದು ಮಾತೆಲ್ಲ ಮೂಗಿನಿಂದ ಬರುತ್ತಿತ್ತು. 'ಬಸ್ ಬಂತಾ' ಅಂದರೆ 'ಮಸ್ ಮಂತಾ' ಅಂತ ಕೇಳಿಸುತ್ತಿತ್ತು. ಬಸ್ ಕಂಡಕ್ಟರು, ಹೆಡ್‌ಮಾಸ್ಟರು, ನಮ್ಮಪ್ಪನ ಕೆಮ್ಮು, ಆಗಷ್ಟೇ ಒಡೆದು ಬಾತುಕೋಳಿಯಾಗಿದ್ದ ನನ್ನದೇ ಗಂಟಲು, ಇವು ಯಾವುದನ್ನೂ ಬಿಡದವನು ಭಾವನನ್ನು ಬಿಟ್ಟೇನೇ? ಅವತ್ತು ಅವರು ನಮ್ಮ ಅಜ್ಜಂಪುರದ ಮನೆಯ ಬಾಗಿಲಲ್ಲಿ ನಿಂತು ಬಳೆಗಾರನಿಗೆ ಏನೋ ಹೇಳಿದರು. ಬೆನ್ನ ಹಿಂದೆ ನಿಂತು, ಇಲ್ಲದ ಮೀಸೆ ತಿರುವುತ್ತ, ನಾನೂ ಅದನ್ನೇ ಹೇಳಿದೆ. ಅಕ್ಕ ಕಿಸಕ್ಕನೆ ನಕ್ಕಳು. ತಿರುಗಿ ನೋಡಿದ ಭಾವನೂ ನಕ್ಕರು. ಅಮ್ಮ ನಗಲಿಲ್ಲ.

"ಅಯ್ಯೋ, ಬಸ್ರಿ ನಕ್ಬಿಟ್ಲಲ್ಲೋ! ನೋಡಿ ನಕ್ಕಿದ್ದು ಕೂಸಿಗೆ ತಗುಲ್ತದೆ ಕಣೋ, ಮುಟ್ಠಾಳ!"

ಅಮ್ಮನ ಮಾತನ್ನೂ ಅಣಕಿಸಿ ಮರೆತುಬಿಡುತ್ತಿದ್ದೆನೋ ಏನೋ. ಆದರೆ ಆಮೇಲೆ ಅಕ್ಕನನ್ನು ತರೀಕೆರೆ ಆಸ್ಪತ್ರೆಗೆ ತೋರಿಸಲು ಹೋದಾಗ ಲೇಡಿ ಡಾಕ್ಟರು ಅಕ್ಕನನ್ನು ಬಿಟ್ಟು ಭಾವನ ಮುಖವನ್ನೇ ನೋಡತೊಡಗಿದರು.

"ತಂದೆಗಿದ್ರೆ ಮಗೂಗೂ ಬರಬಹುದು, ಬರದೇನೂ ಇರಬಹುದು. ಹುಟ್ಟೋವರ್ಗೂ ಗೊತ್ತಾಗಲ್ಲ. ತುಟಿ ಆಮೇಲೆ ಹೊಲಿಸ್ಬಹುದು. ಮೊದ್ಲು ಹೊಟ್ಟೆಗೆ ಹಾಲು ಹೋಗ್ಬೇಕು. ಇಂಥ ಮಕ್ಕಳಿಗೆ ಮೊಲೆ ಚೀಪೋಕಾಗಲ್ಲ, ತಯಾರಾಗಿರಿ" ಎಂದರು.

ವಾಪಸು ಬರುವ ಬಸ್ಸಿನಲ್ಲಿ ಭಾವ ಕಿಟಕಿಯ ಕಡೆ ತಿರುಗಿ "ಎಲ್ಲಾ ನನ್ನಿಂದ" ಅಂದರು. ಅಮ್ಮ ನನ್ನನ್ನು ನೋಡಿದಳು. ಭಾವನಿಂದಲ್ಲ, ನನ್ನಿಂದ ಅಂತ ಅವಳ ಲೆಕ್ಕ. ನನ್ನದೂ ಅದೇ ಲೆಕ್ಕವಾಗಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ಆವತ್ತಿನಿಂದ ನಾನು ಯಾರನ್ನೂ ಅಣಕಿಸಲಿಲ್ಲ. ಅಕ್ಕಪಕ್ಕದವರು ಹುಡುಗನಿಗೆ ಜ್ವರವೇ ಎಂದು ವಿಚಾರಿಸಿದರು.

ಬಾಣಂತನ ತವರಿನದು. ಹೆರಿಗೆಗೆ ಮುಂಚೆಯೇ ಗಂಡನ ತಾಯಿ ಬಂದು ಬೀಗರ ಮನೆಯಲ್ಲಿ ಕೂರುವ ರೂಢಿ ನಮ್ಮಲ್ಲಿಲ್ಲ. ಆದರೂ ಭಾವನ ತಾಯಿ ಕಡೂರಿನಲ್ಲಿ ಬಸ್ಸು ಬದಲಿಸಿಕೊಂಡು, ಗಂಟು ಕಂಕುಳಲ್ಲಿಟ್ಟುಕೊಂಡು ಬಂದೇಬಿಟ್ಟರು. ಅಮ್ಮ ಬಿಗುಮಾನದಿಂದಲೇ ನೀರು ಕೊಟ್ಟಳು. ಗಂಟಿನಲ್ಲಿ ಹಳೆಯ ಹತ್ತಿಸೀರೆಯ ಮೆತ್ತನೆ ತುಂಡುಗಳಿದ್ದವು, ಅವುಗಳೊಳಗೆ ಬೆಳ್ಳಿಯ ಒಂದು ಒಳಲೆ. ಕೂಸಿಗೆ ಹಾಲು ಹನಿಸಲು ಕೊಕ್ಕಿನಂಥ ಮೂತಿಯಿರುವ ಪುಟ್ಟ ಬಟ್ಟಲು ಅದು.

"ಹುಟ್ಟಿದ್ಮೇಲೆ ಕಲಿಯಕ್ಕೆ ಹೊತ್ತಿರಲ್ಲ ಕಣವ್ವಾ, ಈಗ್ಲೇ ಕಲ್ತ್ಕೋ" ಎಂದು ಅಕ್ಕನ ಕೈಗೆ ಒಳಲೆ ಕೊಟ್ಟು, ನನ್ನ ಕಡೆ ತಿರುಗಿದರು. "ಬಾರೋ ಕೋಡಂಗಿ. ನೀನೇ ಕೂಸು."

ನಾನು ಅಕ್ಕನ ತೋಳಿಗೆ ತಲೆಯಾನಿಸಿದೆ. ಕೂಸನ್ನು ಅಂಗಾತ ಮಲಗಿಸಬಾರದು, ತಲೆ ಎತ್ತರಕ್ಕಿರಬೇಕು. ಕೆನ್ನೆಯ ಒಳಬದಿಗೆ ಒಂದಿಷ್ಟು ಹನಿಸಬೇಕು, ನುಂಗುವುದನ್ನು ನೋಡಬೇಕು, ಆಮೇಲೆ ಇನ್ನಿಷ್ಟು. ಬಹಳ ದಿನಗಳ ಮೇಲೆ ಒಂದು ಪಾತ್ರ ಸಿಕ್ಕಿತ್ತಲ್ಲ, ನಾನು ಕುಂಯ್ ಕುಂಯ್ ಎಂದು ಅತ್ತೆ. ಅಮ್ಮ ಕೂಡ ನಕ್ಕಳು.

"ಚೆನ್ನಾಗ್ ಮಾಡ್ತೀಯ. ಈಗ ಅಂಗುಳ ಒಡೆದಿರೋ ಕೂಸಾಗು ನೋಡಾನ" ಎಂದರು ಭಾವನ ತಾಯಿ.

ನಾನು ಕತ್ತು ಹಿಂದಕ್ಕೆ ಚೆಲ್ಲಿ, ಗಂಟಲನ್ನು ತೆರೆದು ಬಿಟ್ಟೆ. ಅಕ್ಕ ಆತುರದಲ್ಲಿ ಒಳಲೆಯ ನೀರನ್ನು ಪೂರ್ತಿ ಸುರಿದಳು. ನೀರು ಮೂಗಿಗೇರಿತು, ಎದೆಗಿಳಿಯಿತು. ಉಸಿರು ಎಳೆದರೆ ಬರಲಿಲ್ಲ. ಕಣ್ಣು ಕತ್ತಲಾಯಿತು. ಆಗ ನಾನು ಯಾರನ್ನೂ ಅಣಕಿಸುತ್ತಿರಲಿಲ್ಲ. ಯಾರೋ ಬೆನ್ನಿಗೆ ಗುದ್ದಿದ ಮೇಲೆ ಕೆಮ್ಮುತ್ತ ಎದ್ದು ಕೂತರೆ, ಅಕ್ಕ ಒಳಲೆಯನ್ನು ದೂರ ತಳ್ಳಿ ಕೂತಿದ್ದಳು.

"ನನ್ ಕೈಯಾರೆ ಸತ್ತೋದ್ರೆ, ಅತ್ತೇ?"

"ಮೊದ್ಲೆರಡು ನನ್ ಕೈಲೇ ಹೋದ್ವು. ಹೇಳ್ಕೊಡೋರು ಇರ್ನಿಲ್ಲ. ಮೂರನೇದು ನಿನ್ ಗಂಡ. ಎತ್ಕೋ ಒಳಲೆ."

ಆ ಮನೆಯಲ್ಲಿ ಹಾಗೆ ಎರಡು ಕೂಸು ಹೋಗಿದ್ದವೆಂದು ಅಲ್ಲಿಯವರೆಗೆ ನಮಗ್ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಒಳಲೆ ಎತ್ತಿಕೊಂಡಳು. ಅಲ್ಲಿಂದ ಮುಂದೆ ದಿನಾ ಮಧ್ಯಾಹ್ನ ನಾನು ಕೂಸಾದೆ. ಅಳುವ ಆಟ ಕಟ್ಟಲಿಲ್ಲ. ಒಂದೊಂದು ಗುಟುಕು ನುಂಗುವಾಗಲೂ, ಇದು ಹುಟ್ಟಲಿರುವ ಕೂಸಿಗೆ ಇಳಿಯುತ್ತದೋ ಇಲ್ಲವೋ ಎಂದು ಹೆದರುತ್ತ ನುಂಗಿದೆ.

ಹೆರಿಗೆ ತರೀಕೆರೆಯಲ್ಲೇ ಆಯಿತು. ಹೆಣ್ಣು. ಅಮ್ಮ ವಾರ್ಡಿನಿಂದ ಹೊರಬಂದು, ತನ್ನ ಮೇಲ್ದುಟಿಯ ಮೇಲೆ ಬೆರಳಿಂದ ಸೀಳಿನ ಗೆರೆ ಎಳೆದು ತೋರಿಸಿದಳು. ಭಾವ ಗೋಡೆಗೊರಗಿದರು. ನಮ್ಮನ್ನು ಒಳಗೆ ಬಿಟ್ಟಾಗ ಅಕ್ಕ ಹಿಂಡಿಟ್ಟ ಹಾಲನ್ನು ಒಳಲೆಗೆ ತುಂಬಿಕೊಂಡು ಕೂತಿದ್ದಳು. ಮೊದಲ ಹನಿಗಳು ಮೂಗಿನಿಂದ ಹೊರಬಂದವು. ಅಕ್ಕ ಕೂಸಿನ ತಲೆಯನ್ನು ಇನ್ನಷ್ಟು ಎತ್ತಿಕೊಂಡು ಕೆನ್ನೆಯ ಬದಿಗೆ ಹನಿಸಿದಳು. ಏನೂ ಆಗಲಿಲ್ಲ. ಕೂಸು ನೀಲಿಯಾಯಿತೇನೋ ಅಂತ ನನಗೆ ಭ್ರಮೆ. ಆಮೇಲೆ ಅದರ ಗಂಟಲು ಒಮ್ಮೆ ಅಲುಗಿತು. ಗುಟುಕ್. ಇನ್ನೊಮ್ಮೆ ಗುಟುಕ್.

ಅಲ್ಲಿಯವರೆಗೆ ತಡೆದುಕೊಂಡಿದ್ದ ಅಮ್ಮ ಆಗ ಅಳಲು ಶುರುಮಾಡಿ, ನನ್ನ ಮೇಲೆ ಬಿದ್ದಳು. "ಎಲ್ಲಾ ಇವ್ನಿಂದ್ಲೇ! ಅವತ್ತು ಅಣಕಿಸ್ದಾಗ್ಲೇ ಅಂದೆ. ತಗುಲ್ತಾ ಈಗ, ತಗುಲ್ತಾ?"

ನಾನು ತಲೆ ತಗ್ಗಿಸಿದೆ. ಭಾವನ ತಾಯಿ ಕೂಸಿನ ಬಾಯಿಯಿಂದ ಕಣ್ಣು ಕೀಳದೆಯೇ ಹೇಳಿದರು:

"ಬೀಗ್ರೇ, ನನ್ ಮಗ ಹುಟ್ದಾಗ ಇವ್ನಿನ್ನೂ ಹುಟ್ಟೇ ಇರ್ನಿಲ್ಲ. ಆಗ್ಯಾರು ಅಣಕಿಸಿದ್ರು? ಹೋಗಿ ಕೈ ತೊಳ್ಕಂಬನ್ನಿ. ಮುಂದಿನ್ ಸಲ ಕುಡ್ಸೋದು ನೀವು."